21 ದಿನ, ತಲೆಗೆ ಎರಡೂವರೆ ಲಕ್ಷ: ಜೂನ್‌ನಲ್ಲಿ ಯುರೋಪ್ ಆಗುತ್ತಾ?

ಸಿಂಧನೂರು ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು, ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಇಬ್ಬರು ಸಿಂಧನೂರು ಕಡೆಯವರು, ಒಬ್ಬ ಗಂಗಾವತಿಯವನು. ಮೂವರಿಗೂ 22 ವರ್ಷ. ಜೂನ್ ಎರಡನೇ ವಾರದಿಂದ 21 ದಿನ ಯುರೋಪ್ ಸುತ್ತಬೇಕು ಅಂತ ಇದ್ದೇವೆ. ವಿಮಾನ, ವೀಸಾ ಎಲ್ಲಾ ಸೇರಿ ತಲೆಗೆ ಎರಡೂವರೆ ಲಕ್ಷ. ಅದರ ಮೇಲೆ ಮನೇಲಿ ಕೇಳೋ ಹಾಗಿಲ್ಲ.

ಸದ್ಯಕ್ಕೆ ಬರೆದಿಟ್ಟಿರೋ ಊರುಗಳು: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಇಂಟರ್‌ಲಾಕನ್, ವೆನಿಸ್, ರೋಮ್, ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್, ಕೊನೆಗೆ ಬಾರ್ಸಿಲೋನಾ.

ಈ ದುಡ್ಡಲ್ಲಿ ಆಗುತ್ತಾ? ಎರಡನೇದು, ಮೂವರ ಅಪ್ಪಂದಿರೂ ರೈತರು, ಭತ್ತದ ದುಡ್ಡು. ಯಾರೂ ಐಟಿ ರಿಟರ್ನ್ ಹಾಕಿಲ್ಲ. ವೀಸಾಕ್ಕೆ ಏನು ತೋರಿಸಬೇಕು? ಮೂರನೇದು, ಯುರೈಲ್ ಪಾಸ್ (ಹಲವು ದೇಶದ ರೈಲಿಗೆ ಒಂದೇ ಪಾಸ್) ತಗೊಂಡರೆ ಉಳಿತಾಯ ಆಗುತ್ತಾ? ಒಬ್ಬ ಮೊಟ್ಟೆನೂ ಮುಟ್ಟಲ್ಲ, ಅವನ ಊಟದ್ದೂ ಹೇಳಿ.

ಬಳ್ಳಾರಿ ಕೋಟೆ

ಆಗುತ್ತೆ, ಆದರೆ ಈ ಒಂಬತ್ತು ಊರು ಆಗಲ್ಲ. ದುಡ್ಡು ಖರ್ಚಾಗೋದು ಊರಲ್ಲಿ ಇರೋದಕ್ಕಿಂತ ಊರಿಂದ ಊರಿಗೆ ಹೋಗೋದರಲ್ಲಿ. ಒಂದು ಸಲ ಊರು ಬದಲಾಯಿಸಿದರೆ ಅರ್ಧ ದಿನ ಹೋಯ್ತು ಅಂತಲೇ ತಿಳಿಯಿರಿ: ಹತ್ತು ಗಂಟೆಗೆ ಹಾಸ್ಟೆಲ್ (ಪ್ರವಾಸಿಗಳಿಗೆ ಹಾಸಿಗೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ಅಗ್ಗದ ವಸತಿ) ಖಾಲಿ ಮಾಡಬೇಕು, ಮಧ್ಯಾಹ್ನ ಎರಡು ಮೂರರ ತನಕ ಹೊಸ ಹಾಸ್ಟೆಲ್‌ನಲ್ಲಿ ಹಾಸಿಗೆ ಸಿಗಲ್ಲ. ಒಂಬತ್ತು ಊರು ಅಂದರೆ ಎಂಟು ಸಲ ಹೀಗೆ. ಅದರಲ್ಲಿ ಬಾರ್ಸಿಲೋನಾ ಒಂದು ಮೂಲೆ, ಪ್ರಾಗ್‌ನಿಂದ ಅಲ್ಲಿಗೆ ಇನ್ನೊಂದು ವಿಮಾನ. ಇಂಟರ್‌ಲಾಕನ್ ಎರಡು ದಿನಕ್ಕೆ ತಿನ್ನೋ ದುಡ್ಡಲ್ಲಿ ಬುಡಾಪೆಸ್ಟ್‌ನಲ್ಲಿ ಐದು ದಿನ ಆರಾಮಾಗಿ ಇರಬಹುದು.

ಲೆಕ್ಕ ಹೀಗೆ ಹಾಕಿ. ಜೂನ್‌ನಲ್ಲಿ ಹೋಗಿ ಬರೋ ವಿಮಾನಕ್ಕೆ 75 ಸಾವಿರ ಎತ್ತಿಡಿ. ವೀಸಾ ಶುಲ್ಕ, ಅರ್ಜಿ ತಗೊಳ್ಳೋ ವೀಸಾ ಕೇಂದ್ರದ ಸೇವಾ ಶುಲ್ಕ, ವಿಮೆ ಸೇರಿ 14 ಸಾವಿರ. ಬೆಂಗಳೂರಿಗೆ ಎರಡು ಸಲ ಓಡಾಟ 5 ಸಾವಿರ. ಮುಟ್ಟಬಾರದ ದುಡ್ಡು ಅಂತ 15 ಸಾವಿರ ಬೇರೆ ಇಡಿ. ಉಳಿಯೋದು 1,41,000. ಯೂರೋಗೆ 105 ರೂಪಾಯಿ ಹಿಡಿದರೆ ಸುಮಾರು 1,340 ಯೂರೋ, 20 ರಾತ್ರಿಗೆ ಹಂಚಿದರೆ ದಿನಕ್ಕೆ 67. ಇದನ್ನ ಹಂಚಿ: ಹಾಸಿಗೆ 30, ಊಟ 15, ಊರೊಳಗಿನ ಓಡಾಟ 7, ಊರಿಂದ ಊರಿಗೆ ಸರಾಸರಿ 8, ಟಿಕೆಟ್ ಇರೋ ಜಾಗಗಳಿಗೆ 7. ಬಿಗಿ, ಆದರೆ ಸಾಧ್ಯ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜೂನ್ ತಿಂಗಳ ಡಾರ್ಮ್ (ಹಲವರು ಹಂಚಿಕೊಳ್ಳೋ ಕೋಣೆ) ಹಾಸಿಗೆಯೇ 45–60 ಯೂರೋ ಆಗಬಹುದು, ಅಲ್ಲಿಗೆ ಈ ಲೆಕ್ಕ ಮುರಿಯುತ್ತೆ.

ಹಾಗಾಗಿ ನನ್ನ ಸಲಹೆ: ರೋಮ್‌ನಲ್ಲಿ ಇಳಿಯಿರಿ, ಪ್ರಾಗ್‌ನಿಂದ ಹತ್ತಿರಿ. ರೋಮ್ 4 ರಾತ್ರಿ, ಫ್ಲಾರೆನ್ಸ್ 3, ಅಲ್ಲಿಂದ ವಿಯೆನ್ನಾಕ್ಕೆ ರಾತ್ರಿ ರೈಲು, ವಿಯೆನ್ನಾ 4, ಬುಡಾಪೆಸ್ಟ್ 4, ಪ್ರಾಗ್ 4. ಒಟ್ಟು 20 ರಾತ್ರಿ, ಅದರಲ್ಲಿ ಒಂದು ರೈಲಲ್ಲೇ ಕಳೆಯುತ್ತೆ, ಒಂದು ಹಾಸಿಗೆ ಬಾಡಿಗೆ ಉಳಿಯಿತು. ಟಿಕೆಟ್ ಹುಡುಕುವಾಗ ‘ಮಲ್ಟಿ ಸಿಟಿ’ ಅಂತ ಒತ್ತಿ ನೋಡಿ. ಹೋಗೋದು ಒಂದೂರಿಗೆ, ಬರೋದು ಇನ್ನೊಂದೂರಿಂದ ಆದರೂ ಒಂದೇ ಟಿಕೆಟ್‌ನಲ್ಲಿ ಸಿಗುತ್ತೆ, ಬೆಲೆ ಹೆಚ್ಚು ಕಡಿಮೆ ಹೋಗಿ ಬರೋ ಟಿಕೆಟ್ಟಿನಷ್ಟೇ ಇರುತ್ತೆ. ಮತ್ತೆ ರೋಮ್‌ಗೆ ವಾಪಸ್ ಬರೋ ಖರ್ಚು ಪೂರ್ತಿ ಉಳಿಯುತ್ತೆ. ಬೆಂಗಳೂರು, ಹೈದರಾಬಾದ್ ಎರಡರಿಂದಲೂ ಬೆಲೆ ನೋಡಿ. ಸಿಂಧನೂರು, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ.

ಜೂನ್‌ನಲ್ಲಿ ಆ ಕಡೆ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ. ಮಧ್ಯಾಹ್ನ ಬಿಸಿಲ ಹೊತ್ತಲ್ಲಿ ಒಳಗೆ ಮಲಗಿ, ಸಂಜೆ ಐದರಿಂದ ಹತ್ತರ ತನಕ ನಡೆಯಿರಿ. ವಿಯೆನ್ನಾ, ಪ್ರಾಗ್ ನೋಡೋಕೆ ಅದೇ ಒಳ್ಳೇ ಹೊತ್ತು, ಅದಕ್ಕೆ ಟಿಕೆಟ್ಟೂ ಇಲ್ಲ.

ಅರ್ಜಿ ಫೈಲು

ವೀಸಾ ವಿಷಯ ನಾನು ಹೇಳ್ತೀನಿ, ಇದರಲ್ಲೇ ಹೆಚ್ಚು ಜನ ಎಡವೋದು.

ಇಟಲಿ, ಆಸ್ಟ್ರಿಯಾ, ಹಂಗೇರಿ, ಜೆಕ್ ನಾಲ್ಕೂ ಶೆಂಗೆನ್ (ಒಂದೇ ವೀಸಾ ನಡೆಯೋ ಯುರೋಪ್ ದೇಶಗಳ ಗುಂಪು) ಒಳಗಿವೆ, ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ಇರೋ ದೇಶಕ್ಕೆ ಅರ್ಜಿ ಹಾಕಬೇಕು. ಮೇಲಿನ ಯೋಜನೆಯಲ್ಲಿ ಇಟಲಿ 7 ರಾತ್ರಿ, ಉಳಿದವು ನಾಲ್ಕು ನಾಲ್ಕು, ಆದ್ದರಿಂದ ಇಟಲಿ. ರಾತ್ರಿಗಳು ಸಮವಾಗಿದ್ದರೆ ಮಾತ್ರ ಮೊದಲು ಕಾಲಿಡೋ ದೇಶ. ‘ಆ ದೇಶದ ಸ್ಲಾಟ್ (ಅರ್ಜಿ ಕೊಡೋಕೆ ಗೊತ್ತುಮಾಡೋ ಸಮಯ) ಬೇಗ ಸಿಗುತ್ತೆ’ ಅಂತ ಬೇರೆ ದೇಶಕ್ಕೆ ಹಾಕಿ ಆಮೇಲೆ ಇಟಲಿಯಲ್ಲಿ ಇರೋ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಗಡಿಯಲ್ಲಿ ಕೇಳಿದಾಗ ಉತ್ತರ ಇರಲ್ಲ.

ಶುಲ್ಕ 90 ಯೂರೋ, 2024ರ ಜೂನ್‌ನಿಂದ ಇಷ್ಟಿದೆ. ತಿರಸ್ಕಾರ ಆದರೂ ವಾಪಸ್ ಬರಲ್ಲ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆಗೆ ಹೋದರೆ 45 ದಿನದ ತನಕ. ಬೇಸಿಗೆಗೆ ಬೆಂಗಳೂರಿನಲ್ಲಿ ಸ್ಲಾಟ್ ಬೇಗ ತುಂಬುತ್ತೆ, ಮಾರ್ಚ್ ಒಳಗೆ ಬೆರಳಚ್ಚು ಕೊಟ್ಟು ಮುಗಿಸೋ ಹಾಗೆ ನೋಡಿ. ಹೈದರಾಬಾದ್ ಹತ್ತಿರ ಅಂತ ಅಲ್ಲಿ ಸ್ಲಾಟ್ ಹಿಡಿಯೋ ಮೊದಲು, ಕರ್ನಾಟಕದ ವಿಳಾಸದವರ ಅರ್ಜಿ ಅಲ್ಲಿ ತಗೋತಾರಾ ಅಂತ ಆ ದೇಶದ ವೀಸಾ ಪುಟದಲ್ಲಿ ಓದಿ. ವಿಮಾನಕ್ಕೆ ಆ ಕಟ್ಟಳೆ ಇಲ್ಲ, ವೀಸಾಕ್ಕೆ ಇದೆ.

ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಆಗಿರಬಾರದು, ವಾಪಸ್ ಬರೋ ದಿನದ ಮೇಲೆ ಇನ್ನೂ 3 ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಬೇಕು. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು, ಇಡೀ ಶೆಂಗೆನ್ ಪ್ರದೇಶಕ್ಕೆ ಅನ್ವಯಿಸೋದು, ಇಳಿಯೋ ದಿನದಿಂದ ಹೊರಡೋ ದಿನದ ತನಕ ಒಂದು ದಿನವೂ ಬಿಡದ ಹಾಗೆ.

ಈಗ ರೈತರ ಮಕ್ಕಳ ವಿಷಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಇಲ್ಲದಿರೋದು ತಪ್ಪಲ್ಲ. ಆದರೆ ಅಧಿಕಾರಿಗೆ ಭತ್ತದ ಸುಗ್ಗಿ ಗೊತ್ತಿರಲ್ಲ. ಅವರ ಕಣ್ಣಿಗೆ ಬೀಳೋದು ಇಷ್ಟೇ: ನಾಲ್ಕು ತಿಂಗಳು ಖಾತೆಯಲ್ಲಿ ಎಂಟು ಹತ್ತು ಸಾವಿರ, ಆಮೇಲೆ ಒಂದೇ ದಿನ ಆರು ಲಕ್ಷ ಜಮಾ. ಸಾಲ ತಂದು ತೋರಿಸಿದ್ದಾರೆ ಅನ್ನೋ ಅನುಮಾನಕ್ಕೆ ಇಷ್ಟು ಸಾಕು. ಆದ್ದರಿಂದ ಆ ಜಮಾ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ‘1’ ಅಂತ ಬರೆಯಿರಿ, ಅದೇ ತಾರೀಖಿನ ದಲಾಲಿ ಅಂಗಡಿ ಪಟ್ಟಿ ಅಥವಾ ರೈಸ್ ಮಿಲ್ ಬಿಲ್ ಮೇಲೂ ‘1’ ಅಂತ ಬರೆದು ಹಿಂದೆ ಇಡಿ. ಚೀಲ ಎಷ್ಟು, ದರ ಎಷ್ಟು, ಕಳೆದದ್ದೇನು, ಕೈಗೆ ಬಂದದ್ದೆಷ್ಟು ಎಲ್ಲಾ ಆ ಪಟ್ಟಿಯಲ್ಲೇ ಇರುತ್ತೆ. ಹಿಂಗಾರು ಮಾರಾಟದ ಜಮಾ ಇದ್ದರೆ ಅದಕ್ಕೆ ‘2’. ಅಪ್ಪನ 6 ತಿಂಗಳ ಸ್ಟೇಟ್‌ಮೆಂಟ್ ಬ್ಯಾಂಕಿನ ಸೀಲು ಸಹಿಯೊಂದಿಗೆ ತಗೊಳ್ಳಿ. ಜೊತೆಗೆ ಪಹಣಿ. ಪಹಣಿಯೂ ಪಟ್ಟಿಯೂ ಕನ್ನಡದಲ್ಲಿರುತ್ತವೆ, ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸೀಲು ಹಾಕಿಸಿ. ಮಿಲ್‌ನವರು ನಗದು ಕೊಟ್ಟಿದ್ದರೆ ಇದಕ್ಕೆ ಆಧಾರವೇ ಉಳಿಯಲ್ಲ. ಈ ಸಲದ ಭತ್ತದ ದುಡ್ಡು ಖಾತೆಗೇ ಹಾಕಿಸಿಕೊಳ್ಳಿ ಅಂತ ಅಪ್ಪನಿಗೆ ಈಗಲೇ ಹೇಳಿ.

ಅಪ್ಪ ಖರ್ಚು ಹೊರೋದಾಗಿ ಒಂದು ಪತ್ರ, ಅಪ್ಪ–ಮಗ ಅನ್ನೋದಕ್ಕೆ ಜನನ ಪ್ರಮಾಣಪತ್ರ. ನಿಮ್ಮ ಖಾತೆಗೂ ಒಂದಷ್ಟು ದುಡ್ಡು ಈಗಿಂದಲೇ ತಿಂಗಳು ತಿಂಗಳು ಬರಲಿ.

ನಿಮ್ಮ ಅರ್ಜಿಯ ನಿಜವಾದ ಬಲಹೀನತೆ ದುಡ್ಡಲ್ಲ, ಕೊನೇ ವರ್ಷ ಅನ್ನೋದು. ಪರೀಕ್ಷೆ ಮುಗಿದ ಹುಡುಗ ವಾಪಸ್ ಯಾಕೆ ಬರ್ತಾನೆ ಅಂತ ಅವರು ಕೇಳ್ತಾರೆ. ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದ್ದರೆ ಆಫರ್ ಲೆಟರ್, ಸೇರೋ ತಾರೀಖಿನ ಸಮೇತ. ಮುಂದೆ ಓದೋದಾದರೆ ಅದರ ದಾಖಲೆ. ಎರಡೂ ಇಲ್ಲದಿದ್ದರೆ ಕಾಲೇಜಿನ ಪತ್ರದಲ್ಲಿ ಫಲಿತಾಂಶ, ಘಟಿಕೋತ್ಸವದ ಸಮಯ ಬರೆಸಿ. ಒಂದು ಪುಟದ ಕವರ್ ಲೆಟರ್‌ನಲ್ಲಿ ಇದನ್ನೇ ನೇರವಾಗಿ ಹೇಳಿ. ಅದರಲ್ಲಿ ದಿನ, ಊರು, ಹಾಸ್ಟೆಲ್, ಮುಂದಿನ ಊರಿಗೆ ಹೋಗೋ ರೈಲು ಇಷ್ಟರ ಪಟ್ಟಿ ಇರಲಿ. ಬುಕಿಂಗ್ ತಾರೀಖುಗಳಿಗೂ ಅದಕ್ಕೂ ಒಂದು ದಿನದ ವ್ಯತ್ಯಾಸವೂ ಬೇಡ. ಮೂವರೂ ಒಂದೇ ಪತ್ರ ನಕಲು ಮಾಡಬೇಡಿ, ಯೋಜನೆ ಒಂದೇ ಇದ್ದರೂ ಮನೆ ಪರಿಸ್ಥಿತಿ ಬೇರೆ ಬೇರೆ ತಾನೆ.

ವೀಸಾ ಕೈಗೆ ಬರೋ ತನಕ ರದ್ದು ಮಾಡಬಹುದಾದ ಬುಕಿಂಗ್ ಮಾತ್ರ.

ಸಿಂಧನೂರು ಹುಡುಗ

ಬಹಳ ಉಪಕಾರ ಆಯ್ತು. ಪಟ್ಟಿಗೆ ನಂಬರ್ ಹಾಕೋ ವಿಷಯ ನಮಗೆ ಹೊಳೆದೇ ಇರಲಿಲ್ಲ. ರೋಮ್ ಟು ಪ್ರಾಗ್ ಮೂವರೂ ಒಪ್ಪಿದ್ವಿ, ಬಾರ್ಸಿಲೋನಾ ಬಿಟ್ವಿ. ಹಂಗಾದರೆ ಈ ದಾರಿಗೆ ಯುರೈಲ್ ಬೇಕಾ? ದುಡ್ಡು ಕ್ಯಾಶ್ ಒಯ್ಯಬೇಕಾ, ಕಾರ್ಡಾ?

ಕೊಪ್ಪಳದ ರೈಲು

ಈ ದಾರಿಗೆ ಪಾಸ್ ಬ್ಯಾಡ್ರಿ. ನಿಮಗ ಇರೋದು ನಾಕೇ ನಾಕು ಪ್ರಯಾಣ. ಯುರೈಲ್‌ದಾಗ 27 ವರ್ಷದ ತನಕ ಯೂತ್ ದರ ಐತಿ, ಖರೆ, ಆದ್ರ ಅದು ದಿನಾ ದೂರ ದೂರ ಹೋಗೋರಿಗೆ, ಇಲ್ಲಾ ಟಿಕೆಟ್ ಮುಂಚೆ ತಗೊಳ್ಳದ ಹಂಗ ಮನಸ್ಸಿಗೆ ಬಂದಾಗ ಹೋಗೋರಿಗೆ ಲಾಭ. ಅದರ ಮ್ಯಾಲೆ ಪಾಸ್ ಇದ್ರೂ ಇಟಲಿ ಹೈಸ್ಪೀಡ್ ರೈಲಿಗೆ, ರಾತ್ರಿ ರೈಲಿಗೆ ರಿಸರ್ವೇಶನ್ ದುಡ್ಡು ಬ್ಯಾರೆ ಕೊಡಬೇಕು. ಜನ ಇದನ್ನ ನೋಡದ ತಗೊಂಡು ಎರಡೆರಡು ಸಲ ಕೊಡ್ತಾರ.

ರೋಮ್–ಫ್ಲಾರೆನ್ಸ್ ಹೈಸ್ಪೀಡ್ ಒಂದೂವರೆ ತಾಸು. ಮುಂಚೆ ತಗೊಂಡ್ರ ಅಗ್ಗ, ಅವತ್ತೇ ತಗೊಂಡ್ರ ದುಪ್ಪಟ್ಟು ಮೂರುಪಟ್ಟು. ಅಲ್ಲಿ ನಮ್ಮ ಪ್ಯಾಸೆಂಜರ್ ಇದ್ದಂಗ ರೀಜನಲ್ ರೈಲೂ ಅದಾವು, ಅವಕ್ಕ ದರ ಏರಂಗಿಲ್ಲ, ಮುಂಚೆ ತಗೊಳ್ಳೋ ಗರಜಿಲ್ಲ, ಆದ್ರ ಹೊತ್ತು ಬಾಳ ಹಿಡಿತೈತಿ. ರೀಜನಲ್ ರೈಲಿನ ಕಾಗದದ ಟಿಕೆಟ್ ತಗೊಂಡ್ರ ಹತ್ತೂಕಿಂತ ಮುಂಚೆ ಪ್ಲಾಟ್‌ಫಾರ್ಮ್ ಮ್ಯಾಲಿನ ಸಣ್ಣ ಡಬ್ಬಿಯೊಳಗ ತೂರಿಸಿ ಮುದ್ರೆ ಹಾಕಿಸ್ರಿ. ಮುದ್ರೆ ಇಲ್ಲದ ಟಿಕೆಟ್ ಅಂದ್ರ ಟಿಕೆಟ್ ಇಲ್ಲದಂಗ, ದಂಡ ಬೀಳತೈತಿ. ಪ್ರಾಗ್ ಮೆಟ್ರೋ ಬಾಗಿಲಿನ ಹಳದಿ ಡಬ್ಬಿದೂ ಇದೇ ಮಾತು. ಅಲ್ಲಿ ಗೇಟ್ ಇರಂಗಿಲ್ಲ, ಹಂಗಾಗಿ ಸೀದಾ ಒಳಗ ಹೋಗಿಬಿಡ್ತಾರ, ಕೆಳಗ ಚೆಕಿಂಗ್‌ನವರು ನಿಂತಿರ್ತಾರ.

ರಾತ್ರಿ ರೈಲು ನೈಟ್‌ಜೆಟ್ ಅಂತ, ಆಸ್ಟ್ರಿಯಾ ರೈಲ್ವೆದು. ಸೀಟು ಅಗ್ಗ, ಆದ್ರ ಕುಂತು ನಿದ್ದಿ ಬರಂಗಿಲ್ಲ, ಮರುದಿನ ಹಾಳು. ಕುಶೆಟ್ ತಗೋರಿ, ನಮ್ಮ ತ್ರೀ ಟಯರ್ ಇದ್ದಂಗ ಮಲಗೋ ಹಲಗಿ. ಅವು ಬೇಸಿಗ್ಯಾಗ ಬೇಗ ತುಂಬತಾವು, ವೀಸಾ ಬಂದ ದಿನಾನೇ ಮೊದಲು ಇದನ್ನ ಬುಕ್ ಮಾಡ್ರಿ. ಫ್ಲಾರೆನ್ಸ್‌ದಾಗ ದೊಡ್ಡ ಸ್ಟೇಷನ್ ಎರಡು: ಸಾಂತಾ ಮರಿಯಾ ನೊವೆಲ್ಲಾ, ಕಾಂಪೋ ದಿ ಮಾರ್ತೆ. ಟಿಕೆಟ್‌ನ್ಯಾಗ ಯಾವುದು ಬರದೈತಿ ನೋಡ್ಕೊಂಡ ಹೋಗ್ರಿ.

ವಿಯೆನ್ನಾ–ಬುಡಾಪೆಸ್ಟ್ ರೈಲಿಗೆ ಎರಡು ತಾಸು ನಲವತ್ತು ನಿಮಿಷ. ಬುಡಾಪೆಸ್ಟ್–ಪ್ರಾಗ್ ಏಳು ತಾಸಿನ ಹತ್ರ. ಎರಡಕ್ಕೂ ಫ್ಲಿಕ್ಸ್‌ಬಸ್, ರೆಗಿಯೋಜೆಟ್ ಬಸ್ ದರ ರೈಲಿನ ಜೋಡಿ ಹೋಲಿಸಿ ನೋಡ್ರಿ.

ದುಡ್ಡಿಂದು: ಕ್ಯಾಶ್ 150 ಯೂರೋ ಸಾಕು, ಸಣ್ಣ ನೋಟು. ಫಾರೆಕ್ಸ್ ಕಾರ್ಡಿಗೆ (ವಿದೇಶಿ ದುಡ್ಡು ಮುಂಚೆ ತುಂಬಿಸಿಡೋ ಕಾರ್ಡ್) ಯೂರೋ ತುಂಬಸ್ರಿ, ಆದ್ರ ಒಂದು ಮಾತು ಲಕ್ಷ್ಯ ಇಡ್ರಿ. ಹಂಗೇರಿದು ಫೋರಿಂಟ್, ಜೆಕ್‌ದು ಕೊರುನಾ, ಅಲ್ಲಿ ಯೂರೋ ನಡ್ಯಂಗಿಲ್ಲ. ಯೂರೋ ಕಾರ್ಡ್ ಅಲ್ಲಿ ತಿಕ್ಕಿದ್ರ ಕರೆನ್ಸಿ ಬದಲಿ ಶುಲ್ಕ ಹಿಡಿತಾರ. ನಿಮ್ಮ ಎಂಟು ರಾತ್ರಿ ಅಲ್ಲೇ ಅದಾವು. ಅದಕ್ಕ ಫಾರೆಕ್ಸ್ ಮಾರ್ಕಪ್ (ಆ ಬದಲಿ ಶುಲ್ಕ) ಇಲ್ಲದ ಒಂದು ಡೆಬಿಟ್ ಕಾರ್ಡ್ ಜೋಡಿ ಇರ್ಲಿ. ಬ್ಯಾಂಕ್ ಆಪ್‌ನ್ಯಾಗ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ಮಿತಿ ಹಾಕಿ ಹೋಗ್ರಿ, ಅದು ತಾನಾಗೇ ಆನ್ ಇರಂಗಿಲ್ಲ.

ಎಟಿಎಂ ಮುಂದ ನಿಂತಾಗ ತೆರೆ ಮ್ಯಾಲೆ ಒಂದು ಪ್ರಶ್ನೆ ಬರತೈತಿ: ರೂಪಾಯಿದಾಗ ಕಡಿತ ಮಾಡ್ಲೇನು, ಇಲ್ಲಿ ಕರೆನ್ಸಿದಾಗ ಮಾಡ್ಲೇನು ಅಂತ. ರೂಪಾಯಿ ಗುಂಡಿ ದೊಡ್ಡದು, ಹಸಿರು ಇರಬಹುದು. ಒತ್ತಬ್ಯಾಡ್ರಿ. ಆ ದರ ಯಂತ್ರದವರು ಹಾಕಿದ್ದು, ನಿಮ್ಮ ಬ್ಯಾಂಕಿಂದಲ್ಲ. ಅಲ್ಲಿ ಕರೆನ್ಸಿನೇ ಒತ್ತಿ ಮುಂದ ಹೋಗ್ರಿ. ಅಂಗಡಿ ಸ್ವೈಪ್ ಮಷಿನ್‌ನ್ಯಾಗೂ ಇದೇ. ಪ್ರವಾಸಿಗಳ ಬೀದಿಯೊಳಗಿನ ಒಂಟಿ ಎಟಿಎಂ ಬಿಟ್ಟು ಬ್ಯಾಂಕ್ ಕಟ್ಟಡದ ಎಟಿಎಂ ಹುಡುಕ್ರಿ.

ಖಡಕ್ ರೊಟ್ಟಿ

ಊಟದ್ದು ನಾನು. ದಿನಕ್ಕೆ 15 ಯೂರೋದಲ್ಲಿ ಹೋಟೆಲ್ ಊಟ ಒಂದೇ ಹೊತ್ತು ಬರುತ್ತೆ. ಆದ್ದರಿಂದ ಅಡುಗೆಮನೆ ಇರೋ ಹಾಸ್ಟೆಲ್ ಮಾತ್ರ ಬುಕ್ ಮಾಡಿ, ‘ಗೆಸ್ಟ್ ಕಿಚನ್’ ಅಂತ ಹುಡುಕಿದರೆ ತೋರಿಸುತ್ತೆ. ಲಿಡ್ಲ್, ಆಲ್ಡಿ, ಬಿಲ್ಲಾ, ಸ್ಪಾರ್ ಅನ್ನೋ ಸೂಪರ್‌ಮಾರ್ಕೆಟ್‌ಗಳಲ್ಲಿ ಅಕ್ಕಿ, ಡಬ್ಬಿ ಕಡಲೆ, ಟೊಮೆಟೊ, ಮೊಸರು, ಬ್ರೆಡ್ ಎಲ್ಲಾ ಸಿಗುತ್ತೆ. ಮೂವರಿಗೆ ಒಂದು ಪಾತ್ರೆ ಅನ್ನ, ಮೇಲೆ ಮೊಸರು, ಮನೆಯಿಂದ ತಂದ ಶೇಂಗಾ ಹಿಂಡಿ. ಆಯ್ತಲ್ಲ ರಾತ್ರಿ ಊಟ.

ಮನೆಯಿಂದ ಒಯ್ಯಬೇಕಾದದ್ದು: ಖಡಕ್ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅವಲಕ್ಕಿ. ತಲೆಗೆ 25 ರೊಟ್ಟಿ, ಗಟ್ಟಿ ಸ್ಟೀಲ್ ಡಬ್ಬಿಯಲ್ಲಿ. ಬರೀ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ರೋಮ್ ತಲುಪೋ ಹೊತ್ತಿಗೆ ನುಚ್ಚಾಗಿರುತ್ತೆ. ಚೆನ್ನಾಗಿ ಒಣಗಿದ ಮೇಲೆ ತುಂಬಿ, ಹಸಿ ಉಳಿದರೆ ಬೂಸ್ಟು ಹಿಡಿಯುತ್ತೆ. ತುಪ್ಪ, ಪೇಡೆ, ಖೋವಾ ಸಿಹಿ, ಹಾಲಿನ ಪುಡಿ ಬೇಡವೇ ಬೇಡ. ಹೊರಗಿನಿಂದ ಬರೋರು ಹಾಲಿನ ಪದಾರ್ಥ, ಮಾಂಸ ತರೋದನ್ನ ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಸಿಕ್ಕರೆ ಕಿತ್ತು ಬಿಸಾಕ್ತಾರೆ. ಮಾವಿನ ಹಣ್ಣೂ ಬೇಡ, ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ. ಜೂನ್‌ನಲ್ಲಿ ಅಮ್ಮಂದಿರು ಮಾವು ತುಂಬೋಕೆ ನೋಡ್ತಾರೆ, ಮೊದಲೇ ಹೇಳಿ.

ಮೊಟ್ಟೆ ತಿನ್ನದವರು ಇಟಲಿಯಲ್ಲಿ ಪಿಜ್ಜಾ ಮರಿನಾರಾ, ಮಾರ್ಗರೀಟಾ ನಂಬಿ. ತಾಜಾ ಪಾಸ್ತಾದ ಹಿಟ್ಟಿಗೆ ಮೊಟ್ಟೆ ಹಾಕಿರ್ತಾರೆ, ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರಲ್ಲ. ಪೊಟ್ಟಣದ ಮೇಲೆ ‘uovo’ (ಉವೋವೊ) ಅಂತ ಇದ್ದರೆ ಮೊಟ್ಟೆ. ಹಂಗೇರಿ, ಜೆಕ್‌ನಲ್ಲಿ ತರಕಾರಿ ಸೂಪಿಗೂ ಮಾಂಸದ ನೀರು ಹಾಕಿರಬಹುದು, ಕೇಳಿಯೇ ತಗೊಳ್ಳಿ.

ರೋಮ್‌ನ ಬೀದಿ ಬೀದಿಯಲ್ಲಿ ಕಬ್ಬಿಣದ ಸಣ್ಣ ಕಂಬದ ನಲ್ಲಿಗಳಿವೆ, ಹಗಲೂ ರಾತ್ರಿ ತಣ್ಣೀರು ಹರೀತಾ ಇರುತ್ತೆ, ಕುಡಿಯೋ ನೀರೇ. ಕೊಳವೆಯ ಬಾಯಿಗೆ ಬೆರಳು ಅಡ್ಡ ಹಿಡಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತೆ, ಬಗ್ಗದೆ ಕುಡಿಯಬಹುದು. ವಿಯೆನ್ನಾದಲ್ಲಂತೂ ನಲ್ಲಿಗೆ ಬರೋದು ಬೆಟ್ಟದ ನೀರು. ಒಂದು ಸ್ಟೀಲ್ ಬಾಟ್ಲಿ ಇದ್ದರೆ ನೀರಿಗೆ ಪೈಸೆ ಖರ್ಚಿಲ್ಲ.

ವಿಯೆನ್ನಾದಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತೆ. ಶನಿವಾರ ಸಂಜೆಯೇ ತಂದಿಡಿ. ಮರೆತರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತೆ, ಸಾಲು ಉದ್ದ ಇರುತ್ತೆ ಅಷ್ಟೇ.

ಹಾಸ್ಟೆಲ್‌ಗೆ ಸ್ವಂತ ಬೀಗ ಒಯ್ಯಿರಿ, ಲಾಕರ್ ಇರುತ್ತೆ, ಬೀಗ ಇರಲ್ಲ. ತೆಳು ಟವೆಲ್ಲೂ ಇರಲಿ. ಇನ್ನೊಂದು: ಬಳ್ಳಾರಿ ಬಿಸಿಲು ಕಂಡವರಿಗೆ ಅಲ್ಲಿಯ 35 ಡಿಗ್ರಿ ಏನೂ ಅಲ್ಲ ಅನ್ನಿಸಬಹುದು. ಆದರೆ ಎಷ್ಟೋ ಹಾಸ್ಟೆಲ್‌ಗಳಲ್ಲಿ ಸೀಲಿಂಗ್ ಫ್ಯಾನೇ ಇಲ್ಲ, ಎಂಟು ಜನರ ಕೋಣೆ, ಒಂದು ಕಿಟಕಿ. ರೋಮ್, ಫ್ಲಾರೆನ್ಸ್ ಎರಡು ಕಡೆ ಮಾತ್ರ ಎ.ಸಿ. ಇದೆ ಅಂತ ಬರೆದಿರೋದನ್ನೇ ಹಿಡಿಯಿರಿ, ಎರಡು ಮೂರು ಯೂರೋ ಹೆಚ್ಚಾದರೂ ಸರಿ.

ಬಳ್ಳಾರಿ ಕೋಟೆ

ಟಿಕೆಟ್ ಜಾಗಗಳ ಬಗ್ಗೆ ಒಂದು ಮಾತು. ‘26ರ ಒಳಗಿನವರಿಗೆ ಉಚಿತ’, ‘25ರ ತನಕ ರಿಯಾಯಿತಿ’ ಅಂತ ಎಲ್ಲೆಡೆ ಓದ್ತೀರಿ. ಎಷ್ಟೋ ಕಡೆ ಅದು ಯುರೋಪಿಯನ್ ಒಕ್ಕೂಟದವರಿಗೆ ಮಾತ್ರ. ನಮ್ಮ ಪಾಸ್‌ಪೋರ್ಟಿಗೆ ಪೂರ್ತಿ ದರ, ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ನಮಗೂ ಸಿಗೋದು ಇದು: ಇಟಲಿಯ ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ, ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೇ ಭಾನುವಾರ. ನೀವು ಎರಡನೇ ವಾರ ಇಳಿಯೋದರಿಂದ ಎರಡೂ ತಪ್ಪುತ್ತೆ. ಮೊದಲ ಭಾನುವಾರದ ಹಿಂದಿನ ದಿನ ಇಳಿದರೆ ಮರುದಿನ ಕೊಲೋಸಿಯಂ 18 ಯೂರೋ ಉಳಿಯುತ್ತೆ, ಜನ ಮಾತ್ರ ವಿಪರೀತ. ಬೇರೆ ದಿನಕ್ಕಾದರೆ ಆನ್‌ಲೈನ್ ಟಿಕೆಟ್ಟಿನಲ್ಲಿ ಹೆಸರು ಇರುತ್ತೆ, ಪಾಸ್‌ಪೋರ್ಟ್‌ನಲ್ಲಿರೋ ಹಾಗೇ ಹಾಕಿ. ಫ್ಲಾರೆನ್ಸ್‌ನ ಉಫೀಜಿ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತೆ.

ಅರ್ಜಿ ಫೈಲು

ಹೆಸರು ಅಂದಾಗ ನೆನಪಾಯ್ತು. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಕಾಲೇಜು ಐಡಿಯಲ್ಲಿ ಇನಿಷಿಯಲ್, ಬ್ಯಾಂಕಿನಲ್ಲಿ ಅಪ್ಪನ ಹೆಸರು ಸೇರಿಸಿ ಇನ್ನೊಂದು. ಮೂವರೂ ಇವತ್ತೇ ಮೂರು ದಾಖಲೆ ಪಕ್ಕ ಪಕ್ಕ ಇಟ್ಟು ನೋಡಿ. ಬೇರೆ ಬೇರೆ ಇದ್ದರೆ ಮೂರೂ ಹೆಸರು ಒಬ್ಬನದೇ ಅಂತ ಒಂದು ಅಫಿಡವಿಟ್ ಮಾಡಿಸಿ ಫೈಲಿಗೆ ಸೇರಿಸಿ. ಸರ್‌ನೇಮ್ ಖಾಲಿ ಇದ್ದರೆ ಆ ಕಾಲಂನಲ್ಲಿ ಏನು ಹಾಕಬೇಕು ಅಂತ ಟಿಕೆಟ್ ತಗೊಳ್ಳೋ ಮುಂಚೆ ವಿಮಾನ ಸಂಸ್ಥೆಗೇ ಫೋನ್ ಮಾಡಿ ಕೇಳಿ. ಒಂದೊಂದು ಸಂಸ್ಥೆಯದು ಒಂದೊಂದು ಪದ್ಧತಿ, ಆಮೇಲೆ ತಿದ್ದಿಸೋಕೆ ದುಡ್ಡು ಕೇಳ್ತಾರೆ.

ಇನ್ನು 2025ರ ಅಕ್ಟೋಬರ್‌ನಿಂದ ಶೆಂಗೆನ್ ಗಡಿಯಲ್ಲಿ ಇಇಎಸ್ ಅನ್ನೋ ಹೊಸ ವ್ಯವಸ್ಥೆ ಶುರುವಾಗಿದೆ, ಸೀಲಿನ ಬದಲು ಮುಖದ ಫೋಟೋ ಮತ್ತು ಕಂಪ್ಯೂಟರ್ ದಾಖಲೆ. ವೀಸಾ ಇದ್ದವರಿಗೂ ಇದು ಇದೆ. ಸಾಲು ನಿಧಾನ ಸಾಗಬಹುದು, ರೋಮ್‌ನಲ್ಲಿ ಇಳಿದ ಎರಡು ಗಂಟೆಯೊಳಗೆ ಯಾವ ರೈಲೂ ಬಸ್ಸೂ ಬುಕ್ ಮಾಡಬೇಡಿ. ಹಾಸ್ಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ ಮೂರರ ಪ್ರಿಂಟ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿನಲ್ಲಲ್ಲ.